ಸಹಾಯ ಬೇಕು: ಇಷ್ಟೊಂದು ಬ್ಯಾಟ್‌ಮನ್‌ಗಳಲ್ಲಿ ಯಾರನ್ನು ಓದಲಿ?

ಗೆಳೆಯರೇ, ಬ್ಯಾಟ್‌ಮನ್ ಕಾಮಿಕ್ಸ್ ಸಿಕ್ಕಸಿಕ್ಕ ಹಾಗೆ ಓದಿ ತಲೆ ಕೆಟ್ಟಿದೆ. 1939ರ ಕಥೆಗಳಲ್ಲಿ ಅವನ ಕೈಯಲ್ಲಿ ಪಿಸ್ತೂಲು, ಕಳ್ಳರು ಸತ್ತರೂ ಬೇಜಾರಿಲ್ಲ. ಆಮೇಲೆ ನೋಡಿದರೆ ಯಾರನ್ನೂ ಕೊಲ್ಲುವುದಿಲ್ಲ ಅನ್ನೋ ಶಪಥ! 1950ರ ದಶಕದಲ್ಲಿ ಅನ್ಯಗ್ರಹದವರ ಜೊತೆ ಗುದ್ದಾಟ (ಓದೋಕೆ ಮಜಾ ಇದೆ ಬಿಡಿ). 1970ರ ದಶಕದಲ್ಲಿ ಡೆನ್ನಿ ಓನೀಲ್ ಬರೆದಾಗ ಗಂಭೀರ ಪತ್ತೇದಾರ. 1986ರಲ್ಲಿ ಫ್ರಾಂಕ್ ಮಿಲ್ಲರ್ ಕೈಯಲ್ಲಿ ವಯಸ್ಸಾದ ಸಿಡುಕ. ಇವರೆಲ್ಲ ಒಬ್ಬನೇ ಅಂದ್ರೆ ನಂಬೋದು ಹೇಗೆ?

ನನಗೆ ಇಷ್ಟವಾಗಿದ್ದು ಓನೀಲ್ ಅವರ ಪತ್ತೇದಾರ. ಆ ಸ್ವಭಾವ ಕೆಡಿಸದೆ ಬರೆದವರು ಬೇರೆ ಯಾರಿದ್ದಾರೆ? 2006ರಿಂದ ಗ್ರಾಂಟ್ ಮಾರಿಸನ್ ಹಳೆಯದನ್ನೆಲ್ಲ ಒಬ್ಬನದೇ ಬದುಕು ಅಂತ ಹೊಂದಿಸಿದ್ದಾರಲ್ವಾ, ಅದನ್ನು ಈಗಲೇ ಓದಬಹುದಾ? ಸುಮ್ನೆ ‘ಎಲ್ಲಾ ಓದು’ ಅನ್ನಬೇಡಿ, ದುಡ್ಡು ಜಾಸ್ತಿ ಇಲ್ಲ.