ಸ್ಟೀಲ್‌ಹೆಡ್ ಹಳ್ಳದಲ್ಲಿ ಏಕಾಏಕಿ 24 ಡಿಗ್ರಿ: ಲಾಗರ್ ಕೆಟ್ಟಿದೆಯೇ, ನೀರೇ ಕಾದಿದೆಯೇ?

ಹಳ್ಳದಂಚು (ಪ್ರಶ್ನೆ)

ನಮಸ್ಕಾರ. ನಾನು ಅಮೆರಿಕದ ಆರಿಗನ್ ರಾಜ್ಯದಲ್ಲಿ, ಸ್ಯಾಂಡಿ ನದಿಯನ್ನು ಸೇರುವ ಚಿಕ್ಕ ಹಳ್ಳವೊಂದರಲ್ಲಿ ಸ್ವಯಂಸೇವಕನಾಗಿ ನೀರಿನ ಉಷ್ಣತೆಯನ್ನು ದಾಖಲಿಸುತ್ತಿದ್ದೇನೆ. ಚಳಿಗಾಲದಲ್ಲಿ ಸಮುದ್ರದಿಂದ ಮೇಲೇರಿ ಬರುವ ಸ್ಟೀಲ್‌ಹೆಡ್ ಟ್ರೌಟ್ ಮೀನುಗಳು ವಸಂತದಲ್ಲಿ ಇಲ್ಲಿನ ನುರುಜುಗಲ್ಲಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಡುತ್ತವೆ. ಈ ಗುಂಡಿಗಳನ್ನು ಇಲ್ಲಿ ರೆಡ್ ಎನ್ನುತ್ತಾರೆ.

ಗಂಟೆಗೊಮ್ಮೆ ಉಷ್ಣತೆಯನ್ನು ತಾನಾಗಿ ಅಳೆದು ದಾಖಲಿಸುವ ನನ್ನ ಉಪಕರಣ, ಅಂದರೆ ಲಾಗರ್, ಮೇ ತಿಂಗಳ ಮೂರನೆಯ ವಾರದವರೆಗೆ 9ರಿಂದ 12 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ಆಮೇಲೆ ಎಂಟು ದಿನಗಳಿಂದ ಅದು ಪ್ರತಿದಿನ 24 ಡಿಗ್ರಿಯವರೆಗೆ ಏರಿ, ಮತ್ತೆ 6ಕ್ಕೆ ಇಳಿಯುತ್ತಿದೆ. ಇನ್ನೂ ವಿಚಿತ್ರವೆಂದರೆ, ಅತಿ ಹೆಚ್ಚು ಉಷ್ಣತೆ ದಾಖಲಾಗುತ್ತಿರುವುದು ರಾತ್ರಿ 11 ಗಂಟೆಗೆ. ಬ್ಯಾಟರಿ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಹಳ್ಳ ಬತ್ತಿರಬಹುದೇ ಎಂದು ಸ್ಯಾಂಡಿ ನದಿಯಲ್ಲಿ ಬುಲ್ ರನ್ ಸಂಗಮದ ಕೆಳಗಿರುವ ಯುಎಸ್‌ಜಿಎಸ್ (ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ) ಗೇಜಿನ, ಅಂದರೆ ನೀರಿನ ಹರಿವು ಅಳೆಯುವ ಮಾಪಕದ, ಅಂಕಿಗಳನ್ನು ನೋಡಿದೆ. ನದಿಯಲ್ಲಿ ನೀರು ಚೆನ್ನಾಗಿಯೇ ಇದೆ. ಅದೇ ವಾರ ರೆಡ್‌ಗಳ ಎಣಿಕೆಯೂ 7ರಿಂದ 11ಕ್ಕೆ ಏರಿದೆ. ಮೊಟ್ಟೆಯಿಡುವ ಕಾಲಕ್ಕೆ ರಾಜ್ಯ ನಿಗದಿಪಡಿಸಿದ ಮಿತಿ 13 ಡಿಗ್ರಿ ಇರುವಾಗ ಈ ಮೊಟ್ಟೆಗಳ ಗತಿಯೇನು?

ತಳಗಲ್ಲು

ಗಾಬರಿಯಾಗಬೇಡಿ, ನಿಮ್ಮ ಉಪಕರಣ ಕೆಟ್ಟಿರಲಾರದು. ಅದು ಅಳೆಯುತ್ತಿರುವುದು ನೀರನ್ನಲ್ಲ, ಗಾಳಿಯನ್ನು ಎಂದು ನನಗೆ ತೋರುತ್ತದೆ. 24 ಡಿಗ್ರಿಗಿಂತ ಆ 6 ಡಿಗ್ರಿಯನ್ನೇ ಗಮನಿಸಿ: ನೀರು ನಿಜವಾಗಿಯೂ ಕಾದಿದ್ದರೆ ರಾತ್ರಿಯ ಉಷ್ಣತೆಯೂ ಹಿಂದಿಗಿಂತ ಮೇಲಿರಬೇಕಿತ್ತು; ನಿಮ್ಮಲ್ಲಿ ಹಗಲಿನದು ಏರಿ ರಾತ್ರಿಯದು ಇಳಿದಿದೆ, ಇದು ಬರಿಗಾಳಿಯ ಗುಣ. ರಾತ್ರಿ 11ರ ಒಗಟು ಇನ್ನೂ ಸುಲಭ. ಲಾಗರಿನ ಗಡಿಯಾರ ಯುಟಿಸಿಯಲ್ಲಿ, ಅಂದರೆ ಅಂತರರಾಷ್ಟ್ರೀಯ ಪ್ರಮಾಣ ಸಮಯದಲ್ಲಿ, ಇರಬೇಕು. ಬೇಸಿಗೆಯಲ್ಲಿ ಆರಿಗನ್ನಿನ ಸಮಯ ಅದಕ್ಕಿಂತ 7 ಗಂಟೆ ಹಿಂದಿರುವುದರಿಂದ ಅದು ಅಲ್ಲಿನ ಸಂಜೆ 4 ಗಂಟೆ.

ನೀವು ಎಡವಿದ್ದು ಗೇಜಿನ ವಿಚಾರದಲ್ಲಿ. ಸ್ಯಾಂಡಿ ನದಿಗೆ ಮೌಂಟ್ ಹುಡ್ ಪರ್ವತದ ಹಿಮ ಮತ್ತು ಹಿಮನದಿಗಳ ನೀರು ಬರುತ್ತದೆ, ಆದ್ದರಿಂದ ಮೇ ಕೊನೆಯಲ್ಲಿಯೂ ಅದು ತುಂಬಿ ಹರಿಯಬಲ್ಲದು. ತಗ್ಗಿನಲ್ಲಿ ಹುಟ್ಟುವ ನಿಮ್ಮ ಹಳ್ಳ ಬದುಕುವುದು ಮಳೆಯಿಂದ. ಮಳೆ ನಿಂತರೆ ಅದು ಇಳಿಯುತ್ತದೆ. ಸಾಲದ್ದಕ್ಕೆ, ಆ ಗೇಜ್ ಇರುವುದು ಪೋರ್ಟ್‌ಲ್ಯಾಂಡ್ ನಗರಕ್ಕೆ ಕುಡಿಯುವ ನೀರು ಕೊಡುವ ಅಣೆಕಟ್ಟುಗಳಿರುವ ಬುಲ್ ರನ್ ನದಿ ಬಂದು ಸೇರಿದ ಮೇಲೆ. ಕೆಆರ್‌ಎಸ್‌ನ ಕ್ಯೂಸೆಕ್ ಲೆಕ್ಕ ನೋಡಿ ನಮ್ಮೂರ ತೋಡಿನಲ್ಲಿ ಎಷ್ಟು ನೀರಿದೆ ಎಂದು ಹೇಳಲಾಗದು, ಅಲ್ಲವೇ?

ಸ್ಥಳಕ್ಕೆ ಹೋಗಿ ನೋಡಿ. ಅಲ್ಲಿರುವಾಗಲೇ ಕೈ ಥರ್ಮಾಮೀಟರಿನಿಂದ ನೀರನ್ನು ಅಳೆದುಕೊಳ್ಳಿ. ಮನೆಗೆ ಬಂದು ಪುಡಿ ಮಂಜುಗಡ್ಡೆ ಮತ್ತು ಸ್ವಲ್ಪ ನೀರು ತುಂಬಿದ ಫ್ಲಾಸ್ಕಿನಲ್ಲಿ ಲಾಗರನ್ನು ಮುಳುಗಿಸಿ, ಆಗಾಗ ಕಲಕುತ್ತಾ ಅರ್ಧ ಗಂಟೆ ಬಿಡಿ. ಅದು ಸೊನ್ನೆಯಿಂದ ಅರ್ಧ ಡಿಗ್ರಿಗಿಂತ ದೂರವಿದ್ದರೆ ಮಾತ್ರ ಉಪಕರಣವನ್ನು ಅನುಮಾನಿಸಿ. ಇನ್ನೊಂದು ಮಾತು: 13 ಡಿಗ್ರಿಯ ಮಿತಿ ಒಂದು ದಿನದ ಗರಿಷ್ಠಕ್ಕೆ ಸಂಬಂಧಿಸಿದ್ದಲ್ಲ, ಏಳು ದಿನಗಳ ದೈನಿಕ ಗರಿಷ್ಠಗಳ ಸರಾಸರಿಗೆ ಸಂಬಂಧಿಸಿದ್ದು.

ನುರುಜು

ರೆಡ್‌ಗಳ ಬಗ್ಗೆ ಎರಡು ಮಾತು. ಒಂದೇ ವಾರದಲ್ಲಿ ನಾಲ್ಕು ಹೆಚ್ಚಿದ್ದು ನಿಜವೂ ಆಗಿರಬಹುದು, ಆದರೆ ಇದೇ ಕಾಲದಲ್ಲಿ ಹಾವಿನಂತೆ ಉದ್ದಗಿರುವ ಪೆಸಿಫಿಕ್ ಲ್ಯಾಂಪ್ರಿ ಮೀನುಗಳೂ ಅದೇ ನುರುಜಿನಲ್ಲಿ ಗುಂಡಿ ಮಾಡುತ್ತವೆ. ಹೆಣ್ಣು ಸ್ಟೀಲ್‌ಹೆಡ್ ಬಾಲದಿಂದ ಬಡಿದು ತೋಡುವುದರಿಂದ ಎದ್ದ ಕಲ್ಲೆಲ್ಲ ಹರಿವಿನೊಂದಿಗೆ ಸಾಗಿ ಕೆಳಭಾಗದಲ್ಲಿ ಉದ್ದನೆಯ ದಿಬ್ಬವಾಗುತ್ತದೆ. ಲ್ಯಾಂಪ್ರಿಯಾದರೋ ಕಲ್ಲನ್ನು ಬಾಯಿಯಿಂದ ಕಚ್ಚಿ ಎತ್ತಿಡುತ್ತದೆ. ಅದರ ಗುಂಡಿ ಚಿಕ್ಕದು, ದುಂಡಗಿರುತ್ತದೆ, ಕಲ್ಲುಗಳು ಹರಿವಿನ ಮೇಲ್ಭಾಗದ ಅಂಚಿನಲ್ಲಿಯೂ ಇರುತ್ತವೆ. ನೀರಿಗೆ ವಿರುದ್ಧವಾಗಿ ಕಲ್ಲು ತಾನಾಗಿ ಹೋಗಿ ಕೂರುವುದಿಲ್ಲ.

ದಂಡೆಯ ಗಿಡಕ್ಕೆ ತಾರೀಖು ಬರೆದ ಪಟ್ಟಿ ಕಟ್ಟಿದ್ದೀರಾ? ಇಲ್ಲದಿದ್ದರೆ ಹಳೆಯ ಗುಂಡಿಯನ್ನೇ ಮತ್ತೆ ಎಣಿಸಿರುವ ಸಾಧ್ಯತೆಯೂ ಇದೆ. ನೋಡುವಾಗ ದಂಡೆಯ ಮೇಲೆಯೇ ನಡೆಯಿರಿ. ಸ್ಯಾಂಡಿ ಸೇರುವ ಕೊಲಂಬಿಯಾ ನದಿಯ ಕೆಳಭಾಗದ ಸ್ಟೀಲ್‌ಹೆಡ್ 1998ರಿಂದ ಅಪಾಯದಂಚಿನ ಜೀವಿಗಳ ಪಟ್ಟಿಯಲ್ಲಿದೆ, ಬೂಟುಗಾಲಿನ ಒಂದು ಹೆಜ್ಜೆ ಅದರ ಮೊಟ್ಟೆಗಳಿಗೆ ಸಾಕು.

ಹಳ್ಳದಂಚು

ಶನಿವಾರ ಹೋಗಿ ಬಂದೆ. ತಳಗಲ್ಲು ಅವರು ಹೇಳಿದಂತೆಯೇ ಆಗಿದೆ: ಲಾಗರಿದ್ದ ಬಿಳಿ ಪಿವಿಸಿ ಕೊಳವೆ ನೀರಿನಿಂದ ಒಂದು ಗೇಣು ಮೇಲೆ, ಒಣಗಿದ ಪಾಚಿ ಮೆತ್ತಿಕೊಂಡು, ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಿತ್ತು. ಸಂಜೆ 4ಕ್ಕೆ ನೀರಿನ ಉಷ್ಣತೆ 12.6 ಡಿಗ್ರಿ. ಫ್ಲಾಸ್ಕಿನಲ್ಲಿ ಲಾಗರ್ 0.2 ತೋರಿಸಿತು. ಗುಂಡಿಗಳಲ್ಲಿ ಎರಡು ಲ್ಯಾಂಪ್ರಿಯವು, ಒಂದನ್ನು ಎರಡು ಸಲ ಎಣಿಸಿದ್ದೆ, ಉಳಿದದ್ದು 8.

ಈಗ ಲಾಗರನ್ನು ನೆರಳಿರುವ ಮಡುವಿನಲ್ಲಿ, ನೀರು ಹರಿದಾಡುವ ಕಡೆ, ಬೇರಿಗೆ ಸರಪಳಿ ಹಾಕಿ ಬಿಗಿದಿದ್ದೇನೆ. ಆ ಎಂಟು ದಿನಗಳ ಅಂಕಿಗಳನ್ನು ಅಳಿಸಿಬಿಡಲೇ?

ತಳಗಲ್ಲು

ಅಳಿಸಬೇಡಿ. ಮೂಲ ಕಡತ ಹಾಗೆಯೇ ಇರಲಿ. ಪಕ್ಕದ ಕಾಲಮ್ಮಿನಲ್ಲಿ “ನೀರಿನ ಹೊರಗೆ” ಎಂದು ಗುರುತು ಹಾಕಿ, ಸರಾಸರಿಯ ಲೆಕ್ಕದಿಂದ ಮಾತ್ರ ಬಿಡಿ. ಖಾಲಿ ಜಾಗವನ್ನು ಅಂದಾಜಿನಿಂದ ತುಂಬಲು ಹೋಗಬೇಡಿ. ಲಾಗರಿನ ಜಾಗ ಬದಲಾದ ದಿನಾಂಕವನ್ನೂ ಅಲ್ಲಿಯೇ ಬರೆದಿಡಿ, ಏಕೆಂದರೆ ಮಡುವಿನ ನೀರೂ ಹಳೆಯ ಬಂಡೆಯ ಬಳಿಯ ನೀರೂ ಒಂದೇ ಆಗಿರಬೇಕೆಂದಿಲ್ಲ.