ಒಣ ಬ್ರಷ್‌ನಲ್ಲಿ ಬರೆದ ಹಾಗಿರೋ ಕನ್ನಡ ಫಾಂಟ್ ಬೇಕು

ಮಸಿಕುಡಿಕೆ:
ನಮ್ಮೂರಿನ ಕಬಡ್ಡಿ ಪಂದ್ಯಕ್ಕೆ ಪೋಸ್ಟರ್, ಟೀ ಶರ್ಟ್ ಎರಡೂ ಆಗಬೇಕು. ಅಂಚು ಹರಿದು, ಅಲ್ಲಲ್ಲಿ ಬಣ್ಣ ಬಿಟ್ಟುಹೋದ ಹಾಗೆ ಕಾಣುವ ಬ್ರಷ್ ಅಕ್ಷರ ಬೇಕು. ಇಂಗ್ಲಿಷ್‌ಗೆ ಇಂಥ ಫಾಂಟ್ ರಾಶಿ ಸಿಗುತ್ತವೆ, ಅದರಲ್ಲೇ ಕನ್ನಡ ಟೈಪ್ ಮಾಡಿದರೆ ಮಾಮೂಲಿ ಅಕ್ಷರ ಬರುತ್ತದೆ, ಇಲ್ಲಾ ಬರೀ ಡಬ್ಬಿ. ತಾರೀಕು, ಜಾಗ, ಪ್ರವೇಶ ಶುಲ್ಕ ಎಲ್ಲವನ್ನೂ ಅದೇ ಫಾಂಟ್‌ನಲ್ಲಿ ಹಾಕಬಹುದಾ?

ಗೋಡೆಬರಹ:
ಆ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳೇ ಇರುವುದಿಲ್ಲ. ಗೂಗಲ್ ಫಾಂಟ್ಸ್‌ನ ಪರ್ಮನೆಂಟ್ ಮಾರ್ಕರ್, ರಾಕ್ ಸಾಲ್ಟ್ ಎರಡೂ ಹಾಗೇ. ಅಲ್ಲೇ ಅಕಾಯ ಕನಡಕ ಅನ್ನುವ ಕನ್ನಡ ಫಾಂಟ್ ಸಿಗುತ್ತದೆ, ತಲೆಬರಹಕ್ಕೆ ಒಪ್ಪುತ್ತದೆ, ಓಪನ್ ಫಾಂಟ್ ಲೈಸೆನ್ಸ್ ಇರುವುದರಿಂದ ಟೀ ಶರ್ಟ್ ಮಾರಿದರೂ ತೊಂದರೆ ಇಲ್ಲ. ಆದರೆ ಒರಟುತನ ನೀವೇ ತರಬೇಕು.

ನನ್ನ ಕೇಳಿದರೆ ಪಂದ್ಯದ ಹೆಸರನ್ನು ಬ್ರಷ್ ಹಿಡಿದೇ ಬರೆಯಿರಿ, ಒಂದೆರಡು ಪದ ತಾನೇ. ಚಪ್ಪಟೆ ಬ್ರಷ್, ಕಪ್ಪು ಪೋಸ್ಟರ್ ಕಲರ್. ಬಣ್ಣ ಅದ್ದಿ, ಹಳೇ ಪೇಪರ್ ಮೇಲೆ ಒರೆಸಿ, ಬೇಗ ಎಳೆಯಿರಿ. ತಲೆಕಟ್ಟನ್ನು ಗಮನಿಸಿ: ಎಡಗಡೆ ತುಂಬಿಕೊಂಡು ಶುರುವಾಗಿ, ಬಲಕ್ಕೆ ಮೇಲೆ ತಿರುಗುವ ಹೊತ್ತಿಗೆ ಬಣ್ಣ ತೀರಿ ಬ್ರಷ್‌ನ ಒಂದೊಂದು ಕೂದಲೂ ಬೇರೆ ಗೆರೆ ಬಿಡುತ್ತದೆ. ಕನ್ನಡದಲ್ಲಿ ಈ ಶೈಲಿಯ ಚಂದ ಇರುವುದೇ ಅಲ್ಲಿ. ಮಾಮೂಲಿ ಫಾಂಟ್‌ನಲ್ಲಾದರೆ ಹೆಸರಿನಲ್ಲಿ 'ರ' ಮೂರು ಸಲ ಬಂದಾಗ ಮೂರಕ್ಕೂ ಒಂದೇ ಜಾಗದಲ್ಲಿ ಒಂದೇ ಗೀರು, ನೋಡಿದ ತಕ್ಷಣ ಗೊತ್ತಾಗಿಬಿಡುತ್ತದೆ. ಒಳ್ಳೆಯ ಫಾಂಟ್ ಮಾಡುವವರು ಒಂದೇ ಅಕ್ಷರಕ್ಕೆ ಎರಡು ಮೂರು ರೂಪ ಇಡುವುದು ಇದಕ್ಕೇ. ಬರೆದದ್ದನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರ್‌ನ ಟ್ರೇಸ್ ಬಿಟ್‌ಮ್ಯಾಪ್‌ಗೆ ಕೊಡಿ, ಆಮೇಲೆ ಎಷ್ಟು ದೊಡ್ಡದು ಮಾಡಿದರೂ ಅಕ್ಷರ ಒಡೆಯುವುದಿಲ್ಲ.

ಸ್ಕ್ರೀನ್‌ಪ್ರಿಂಟ್:
ಟೀ ಶರ್ಟ್ ಬಗ್ಗೆ ನಾನು ಹೇಳುತ್ತೇನೆ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ತೀರಾ ಸಣ್ಣ ಚುಕ್ಕೆಗಳು ಅಚ್ಚಿನ ಜಾಲರಿ, ಅಂದರೆ ಸ್ಕ್ರೀನ್, ತೊಳೆಯುವಾಗಲೇ ಹೋಗುತ್ತವೆ, ಅಕ್ಷರದ ಒಳಗಿನ ಸಣ್ಣ ಗೀರುಗಳಿಗೆ ಇಂಕ್ ತುಂಬಿ ಮುಚ್ಚಿಕೊಳ್ಳುತ್ತದೆ. ಅಂಥವನ್ನು ಮೊದಲೇ ಅಳಿಸಿ, ದಪ್ಪ ಗೀರು ಮಾತ್ರ ಉಳಿಸಿ. ವಿನೈಲ್ (ಬಟ್ಟೆಗೆ ಅಂಟಿಸುವ ಪ್ಲಾಸ್ಟಿಕ್ ಹಾಳೆ) ಕಟ್ ಮಾಡಿಸುವ ಯೋಚನೆ ಇದ್ದರೆ ಈ ಡಿಸೈನ್ ಬೇಡವೇ ಬೇಡ, ಒಂದೊಂದು ಚೂರನ್ನೂ ಕೈಯಲ್ಲಿ ಕೀಳಬೇಕಾಗುತ್ತದೆ.

ಒತ್ತಕ್ಷರದ ಮೇಲೆ ಕಣ್ಣಿಡಿ. ದೊಡ್ಡ ಅಕ್ಷರಕ್ಕೆ ಹಾಕಿದಷ್ಟೇ ಗೀರು ಕೆಳಗಿನ ಪುಟ್ಟ ಒತ್ತಿಗೂ ಬಿದ್ದರೆ 'ಕಬಡ್ಡಿ' ಹೋಗಿ 'ಕಬಡಿ' ಆಗುತ್ತದೆ. ಒತ್ತನ್ನು ಆದಷ್ಟು ಗಟ್ಟಿಯಾಗಿ ಬಿಡಿ.

ಮಸಿಕುಡಿಕೆ:
ಸರಿ, ಹೆಸರು ಬ್ರಷ್‌ನಲ್ಲೇ ಬರೆಯುತ್ತೇನೆ. ತಾರೀಕು, ಶುಲ್ಕಕ್ಕೆ ಏನು ಹಾಕಲಿ?

ಗೋಡೆಬರಹ:
ಸುಮ್ನೆ ನೋಟೋ ಸ್ಯಾನ್ಸ್ ಕನ್ನಡ ಬೋಲ್ಡ್ ಹಾಕಿ. ಬಸ್‌ಸ್ಟ್ಯಾಂಡ್‌ನಲ್ಲಿ ನಿಂತವರಿಗೆ ತಾರೀಕು, ಫೋನ್ ನಂಬರ್ ದೂರದಿಂದಲೇ ಓದಲು ಬರಬೇಕು, ಅಲ್ಲಿ ಗೀರು ಬಿದ್ದು 3 ಹೋಗಿ 8 ಆದರೆ ಕಷ್ಟ. ಹಳೇ ಆವೃತ್ತಿಯ ಫೋಟೋಶಾಪ್‌ನಲ್ಲಿ ಒತ್ತು ಕೆಳಗೆ ಕೂರದೆ ಬಿಡಿಬಿಡಿಯಾಗಿ ಬಂದರೆ ಟೈಪ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್ ರೆಡಿ ಲೇಔಟ್ ಆನ್ ಮಾಡಿಕೊಳ್ಳಿ.