ಓವಿಡ್‌ಗೆ ಆದ ಶಿಕ್ಷೆಗೆ ಕನ್ನಡದಲ್ಲಿ ಏನನ್ನೋಣ? (ಸ್ವಲ್ಪ ಅರ್ಜೆಂಟು)

ಎಲ್ಲರಿಗೂ ನಮಸ್ಕಾರ. ರೋಮನ್ ಕವಿ ಓವಿಡ್ ಬಗ್ಗೆ ಒಂದು ಪುಟದ ಪರಿಚಯ ಅನುವಾದಿಸುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ಕ್ರಿ.ಪೂ. 43ರಲ್ಲಿ ಸುಲ್ಮೋ ಊರಲ್ಲಿ ಹುಟ್ಟಿದ್ದು, ಮಹಾಕವಿ ಹೋಮರನೇ ಆಸ್ತಿ ಮಾಡಲಿಲ್ಲ ನಿನಗ್ಯಾಕೆ ಈ ಕವಿತೆ ಅಂತ ಅಪ್ಪ ಗೊಣಗಿದ್ದು, ಸಣ್ಣಪುಟ್ಟ ಸರ್ಕಾರಿ ಹುದ್ದೆ ಬಿಟ್ಟು ಕವಿಯಾದದ್ದು, ಇಷ್ಟೆಲ್ಲ ಸಲೀಸಾಗಿ ಬಂತು. ಸಿಕ್ಕಿಹಾಕಿಕೊಂಡಿದ್ದು ಕ್ರಿ.ಶ. 8ರಲ್ಲಿ. ಆ ವರ್ಷ ಆಗಸ್ಟಸ್ ಚಕ್ರವರ್ತಿ ಇವನನ್ನು ಕಪ್ಪು ಸಮುದ್ರದ ದಡದ ಟೋಮಿಸ್‌ಗೆ (ಈಗಿನ ರೊಮೇನಿಯಾದ ಕಾನ್‌ಸ್ಟಾಂಟಾ) ಕಳಿಸಿದ. ಈ ಕಳಿಸಿದ್ದಕ್ಕೆ ಏನನ್ನೋಣ? ‘ದೇಶಭ್ರಷ್ಟ’ ಬೇಡ. ಪೌರತ್ವ, ಆಸ್ತಿ ಎರಡೂ ಉಳಿದಿದ್ದವು, ಹೆಂಡತಿ ರೋಮಿನಲ್ಲೇ ಇದ್ದಳು. ಆಗಸ್ಟಸ್‌ಗೇ ಬರೆದ ಪದ್ಯದಲ್ಲಿ ‘ರೆಲೆಗಾತುಸ್, ನೋನ್ ಎಕ್ಸುಲ್’ (ದೂರ ಕಳಿಸಿದವನು, ದೇಶಭ್ರಷ್ಟನಲ್ಲ) ಅಂತ ಅವನೇ ಒತ್ತಿ ಹೇಳುತ್ತಾನೆ.

---

ಗಡೀಪಾರು. ದಿನಾ ಪೇಪರ್‌ನಲ್ಲಿ ಬರುತ್ತೆ. ಇದಕ್ಕೂ ಚರ್ಚೆ ಬೇಕಾ?

---

ಸಾರ್, ಗಡೀಪಾರು ಅಂದರೆ ಇಂಥ ಜಿಲ್ಲೆಯಲ್ಲಿ ಇರಬೇಡ ಅಂತ. ಬೇರೆ ಎಲ್ಲಿ ಬೇಕಾದರೂ ಇರಬಹುದು. ಓವಿಡ್‌ಗೆ ಟೋಮಿಸ್‌ನಲ್ಲೇ ಬಿದ್ದಿರು ಅಂತ ಆಜ್ಞೆ. ಚಳಿಗಾಲದಲ್ಲಿ ಡ್ಯಾನ್ಯೂಬ್ ನದಿ ಗಟ್ಟಿಯಾಗುತ್ತೆ, ದ್ರಾಕ್ಷಾರಸ ಜಾಡಿಯಿಂದ ಹೊರತೆಗೆದರೂ ಜಾಡಿಯ ಆಕಾರದಲ್ಲೇ ನಿಂತಿರುತ್ತೆ, ಕುಡಿಯೋದಲ್ಲ, ತುಂಡು ತುಂಡಾಗಿ ಕೊಡುತ್ತಾರೆ ಅಂತ ಬರೆದಿದ್ದಾನೆ. ಆ ಜಾಗದ ಕಷ್ಟವೇ ಶಿಕ್ಷೆ. ‘ಗಡೀಪಾರು’ವಿನಲ್ಲಿ ಅದು ಬರಲ್ಲ.

---

ಹಾಗಾದರೆ ‘ಕರಿನೀರು’ ಅನ್ನಿ. ಕಪ್ಪು ಸಮುದ್ರಕ್ಕೂ ಹೊಂದುತ್ತೆ.

---

ತಮಾಷೆ ಸಾಕು. ಕರಿನೀರಿಗೆ ಅಂಡಮಾನ್ ಜೈಲು ಅಂಟಿಕೊಂಡಿದೆ. ಓವಿಡ್‌ನನ್ನು ಯಾರೂ ಕೂಡಿಹಾಕಲಿಲ್ಲ. ‘ಟ್ರಿಸ್ಟಿಯಾ’ ಅನ್ನೋ ದುಃಖದ ಪದ್ಯಗಳ ಐದು ಭಾಗದಲ್ಲಿ ಮೊದಲನೆಯದನ್ನು ದಾರಿಯಲ್ಲೇ, ಉಳಿದದ್ದನ್ನು ಅಲ್ಲಿಂದಲೇ ಬರೆದು ರೋಮಿಗೆ ಕಳಿಸಿದ. ‘ಗಡೀಪಾರು’ ಕೂಡ ಬೇಡ. ಗಡಿ ನಮ್ಮದು, ಪಾರು ಸಂಸ್ಕೃತದ್ದು, ಅರಿಸಮಾಸ. ‘ಹೊರಗಟ್ಟು’ ಅನ್ನಿ. ಅಚ್ಚಗನ್ನಡ, ಮಕ್ಕಳಿಗೂ ತಿಳಿಯುತ್ತೆ.

---

ಪಾರು ತದ್ಭವ. ಅರಿಸಮಾಸ ಎಲ್ಲಿಂದ ಬಂತು? ಅದೂ ಅಲ್ಲದೆ ಇದು ಮರಾಠಿಯ ತಡೀಪಾರ್‌ನ ತಮ್ಮನೇ ಇರಬೇಕು. ನಾಯಿಯನ್ನೂ ಹೊರಗಟ್ಟುತ್ತೇವೆ. ಅದರಲ್ಲಿ ರಾಜಾಜ್ಞೆ ಎಲ್ಲಿದೆ?

---

ಎರವಲು ಪದ ಅಂದರೆ ನಿಮಗೆ ಅಷ್ಟು ಪ್ರೀತಿ ಯಾಕೋ. ಹೀಗೇ ಹೋದರೆ ಇನ್ನು ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಮಾತ್ರ ಉಳಿಯುತ್ತೆ.

---

ಎರವಲು ಬೇಡ ಅನ್ನೋರು ಓವಿಡ್‌ನ ಸುದ್ದಿಗೇ ಹೋಗಬಾರದು. ಅವನ 15 ಭಾಗದ ಕಾವ್ಯ ‘ಮೆಟಮಾರ್ಫಸಿಸ್’ನ ಹೆಸರು ಗ್ರೀಕ್, ಛಂದಸ್ಸು ಗ್ರೀಕ್, ಕಥೆಗಳೂ ಹೆಚ್ಚಿನವು ಗ್ರೀಕ್. ಟೋಮಿಸ್‌ನಲ್ಲಿ ಸ್ಥಳೀಯರ ಗೆಟಿಕ್ ಮಾತಿನಲ್ಲಿ ನಮ್ಮ ಛಂದಸ್ಸು ಕೂರಿಸಿ ಪದ್ಯ ಬರೆದೆ, ನಾಚಿಕೆ ಆಗುತ್ತೆ ಅಂತ ಗೆಳೆಯನಿಗೆ ಬರೆದ. ಆ ಪದ್ಯ ಇವತ್ತು ಉಳಿದಿಲ್ಲ. ಸಿಕ್ಕಿದ್ದರೆ ಅದನ್ನೇ ಮೊದಲು ಓದುತ್ತಿದ್ದೆ.

---

ನಾಚಿಕೆ ಆಯ್ತು ಅಂತ ಅವನೇ ಹೇಳಿದ್ದಾನಲ್ಲ. ಅಷ್ಟೇ ನಾನು ಹೇಳೋದು.

---

ನನ್ನ ಪದ ಏನಾಯ್ತು ಅಂತ ಯಾರಾದರೂ ಕೇಳ್ತೀರಾ? ಒಬ್ಬರು ಬೇರೆಯಾಗಿ ಮೇಲ್ ಮಾಡಿ ‘ಎತ್ತಂಗಡಿ’ ಅಂದಿದ್ದಾರೆ. ಓದಿ ನಕ್ಕೆ, ಆದರೆ ಅರ್ಥ ಅದೇ ಹತ್ತಿರ. ಹುದ್ದೆ ಉಳಿಯುತ್ತೆ, ಊರು ತಪ್ಪುತ್ತೆ, ಹೋಗೋ ಜಾಗವನ್ನೂ ಮೇಲಿನವರೇ ಗೊತ್ತು ಮಾಡುತ್ತಾರೆ. ಓವಿಡ್‌ಗೂ ಅಷ್ಟೇ, ಸೆನೆಟ್ ಇಲ್ಲ, ಕೋರ್ಟ್ ಇಲ್ಲ, ಚಕ್ರವರ್ತಿಯ ಒಂದು ಆಜ್ಞೆ. ಕಾರಣ ಒಂದು ಕವಿತೆ, ಒಂದು ತಪ್ಪು ಅಂತಷ್ಟೇ ಓವಿಡ್ ಹೇಳುತ್ತಾನೆ. ಕವಿತೆ ‘ಆರ್ಸ್ ಅಮಟೋರಿಯಾ’, ಪ್ರೇಮದ ಪಾಠ. ತಪ್ಪು ಯಾವುದು ಅಂತ ಬಾಯಿ ಬಿಡಲೇ ಇಲ್ಲ. ಕ್ರಿ.ಶ. 14ರಲ್ಲಿ ಆಗಸ್ಟಸ್ ಸತ್ತ, ಮುಂದಿನ ಚಕ್ರವರ್ತಿ ಟಿಬೇರಿಯಸ್ ಕೂಡ ವಾಪಸ್ ಕರೆಸಲಿಲ್ಲ. ಮೂರ್ನಾಲ್ಕು ವರ್ಷಕ್ಕೆ ಓವಿಡ್ ಅಲ್ಲೇ ತೀರಿಕೊಂಡ. ಇಷ್ಟು ದುಃಖದ ಕಥೆಗೆ ಎತ್ತಂಗಡಿ ಅಂದರೆ ಓದುಗರು ವರ್ಗಾವಣೆ ಕಾಲ ಅಂದುಕೊಳ್ಳುತ್ತಾರೆ. ‘ಟೋಮಿಸ್‌ಗೆ ಗಡೀಪಾರು’ ಅಂತ ಊರಿನ ಹೆಸರು ಸೇರಿಸಿಯೇ ಹಾಕಿದ್ದೇನೆ. ಪೌರತ್ವ, ಆಸ್ತಿ ಹೋಗಲಿಲ್ಲ ಅಂತ ಮುಂದಿನ ವಾಕ್ಯದಲ್ಲೇ ಬರುತ್ತೆ. ಫೈಲ್ ಕಳಿಸಿಯಾಯ್ತು.

---

ಡಿ ಹ್ರಸ್ವ. ಗಡಿಪಾರು.